ಎಥನಾಲ್–ನೀರು: ಒಂದು ಅಜಿಯೋಟ್ರೋಪ್‌ನಿಂದ ಇಡೀ ಕರ್ವ್ ಕಟ್ಟುವ ಲೆಕ್ಕ

ಒಂದು ಅಟ್ಮಾಸ್ಫಿಯರ್ ಒತ್ತಡದಲ್ಲಿ, ಸುಮಾರು 78.15 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಎಥನಾಲ್‌ನ ಮೋಲ್ ಭಾಗ 0.894 ಇರುವ ಎಥನಾಲ್–ನೀರಿನ ಮಿಶ್ರಣ ಅಜಿಯೋಟ್ರೋಪ್ ಆಗುತ್ತದೆ. ದ್ರವದಲ್ಲಿ ಎಷ್ಟು ಎಥನಾಲ್ ಇದೆಯೋ ಅದರಿಂದೇಳುವ ಆವಿಯಲ್ಲೂ ಅಷ್ಟೇ ಇರುತ್ತದೆ. ಭಟ್ಟಿ ಇಳಿಸುವ ಕಾಲಮ್‌ಗೆ ಎಷ್ಟು ಟ್ರೇ (ಆವಿ ಮತ್ತು ದ್ರವ ಸಂಧಿಸುವ ತಟ್ಟೆ) ಸೇರಿಸಿದರೂ ಅದನ್ನು ದಾಟಲು ಆಗುವುದಿಲ್ಲ. ಈ ಒಂದೇ ಬಿಂದುವನ್ನು ಹಿಡಿದು, ಕ್ಯಾಲ್ಕ್ಯುಲೇಟರ್‌ನಲ್ಲೇ, ಇಡೀ ಆವಿ–ದ್ರವ ಸಮತೋಲನದ ಕರ್ವ್ ಕಟ್ಟಬಹುದು. ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಅಡ್ವಾನ್ಸ್ಡ್ ಥರ್ಮೋಡೈನಮಿಕ್ಸ್ ಓದುವವರು ಮ್ಯಾಕ್ಸ್‌ವೆಲ್ ಸಂಬಂಧಗಳನ್ನೂ ಫ್ಯುಗಾಸಿಟಿಯ ವ್ಯಾಖ್ಯೆಯನ್ನೂ ಉರು ಹೊಡೆಯುವ ಮೊದಲು ಈ ಲೆಕ್ಕವನ್ನು ಕೊನೆಯವರೆಗೂ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮಾಡೆಲ್ ಕೊಟ್ಟ ಉತ್ತರ ಯಾವ ಸಂಖ್ಯೆಯ ಮೇಲೆ ನಿಂತಿದೆ ಅನ್ನುವುದು ಇದರಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಕರ್ನಾಟಕದಲ್ಲಿ ಓದುವವರಿಗೆ ಈ ಮಿಶ್ರಣ ಹೊಸದೇನಲ್ಲ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಜೊತೆಗಿರುವ ಡಿಸ್ಟಿಲರಿಗಳಲ್ಲಿ ನಡೆಯುವುದು ಇದೇ ಕೆಲಸ. ಆದರೆ ಶುರುವಿನಲ್ಲೇ ಒಂದು ಎಚ್ಚರಿಕೆ ಬೇಕು. ಮೋಲ್ ಭಾಗ 0.894 ಅಂದರೆ ತೂಕದಲ್ಲಿ ಸುಮಾರು 95.6 ಶೇಕಡಾ, ಗಾತ್ರದಲ್ಲಿ ಸುಮಾರು 97 ಶೇಕಡಾ. ಡಿಸ್ಟಿಲರಿಯವರು ಮಾತಾಡುವುದು ಗಾತ್ರದ ಶೇಕಡಾದಲ್ಲಿ, ಸಮೀಕರಣ ಕೇಳುವುದು ಮೋಲ್ ಭಾಗವನ್ನು. ರೆಕ್ಟಿಫೈಡ್ ಸ್ಪಿರಿಟ್ 95 ಶೇಕಡಾ ಅಂದ ಕೂಡಲೇ 0.95 ಅಂತ ಹಾಕಿಬಿಟ್ಟರೆ ಅಜಿಯೋಟ್ರೋಪ್‌ನ ಆಚೆ ಬದಿಗೆ ಹೋಗಿ ಕೂತಂತೆ. ಅಲ್ಲಿಂದ ಮುಂದಿನ ಲೆಕ್ಕವೆಲ್ಲ ತಲೆಕೆಳಗು.

ಮೊದಲು ಶುದ್ಧ ದ್ರವಗಳ ಆವಿ ಒತ್ತಡ. ಆಂಟ್ವಾನ್ ಸಮೀಕರಣದಲ್ಲಿ (ಲಾಗ್ ಒತ್ತಡ = ಎ − ಬಿ ÷ (ತಾಪಮಾನ + ಸಿ)), ಒತ್ತಡ ಪಾದರಸದ ಮಿಲಿಮೀಟರ್‌ನಲ್ಲಿ, ತಾಪಮಾನ ಸೆಲ್ಸಿಯಸ್‌ನಲ್ಲಿ, ಲಾಗ್ 10ರ ಆಧಾರದಲ್ಲಿ ಇದ್ದಾಗ, ಎ, ಬಿ, ಸಿ ಕ್ರಮವಾಗಿ ಎಥನಾಲ್‌ಗೆ 8.20417, 1642.89, 230.300, ನೀರಿಗೆ 8.07131, 1730.63, 233.426. ಈ ಮೂರು ಷರತ್ತುಗಳನ್ನು ಸ್ಥಿರಾಂಕಗಳ ಪಕ್ಕದಲ್ಲೇ ಬರೆದಿಡಿ. ಬೇರೆ ಪುಸ್ತಕ ಅದೇ ಸಮೀಕರಣವನ್ನು ನ್ಯಾಚುರಲ್ ಲಾಗ್, ಕಿಲೋಪ್ಯಾಸ್ಕಲ್ ಮತ್ತು ಕೆಲ್ವಿನ್‌ನಲ್ಲಿ ಕೊಟ್ಟಿರುತ್ತದೆ. ಇಲ್ಲಿಂದೊಂದು ಅಲ್ಲಿಂದೊಂದು ತೆಗೆದುಕೊಂಡರೆ ಉತ್ತರ ಬಂದೇ ಬರುತ್ತದೆ, ತಪ್ಪು ಉತ್ತರ. ಸ್ಥಿರಾಂಕಗಳಿಗೆ ತಾಪಮಾನದ ಮಿತಿಯೂ ಇದೆ: ಮೇಲಿನ ಎಥನಾಲ್ ಸಂಖ್ಯೆಗಳು 80 ಡಿಗ್ರಿವರೆಗಿನ ಅಳತೆಗೆ ಹೊಂದಿಸಿದವು. ಅದರಾಚೆಗೆ 7.68117, 1332.04, 199.200 ಎಂಬ ಇನ್ನೊಂದು ಸೆಟ್ ಇದೆ. ಮುಂದೆ ಬೇಕಾಗುವ 95.5 ಡಿಗ್ರಿಯಲ್ಲಿ ಎರಡೂ ಸುಮಾರು 1450 ಮಿಲಿಮೀಟರ್ ಕೊಡುತ್ತವೆ, ಹಾಗಾಗಿ ಈ ಲೆಕ್ಕಕ್ಕೆ ತೊಂದರೆಯಿಲ್ಲ. ಎಲ್ಲ ದ್ರವಗಳಲ್ಲೂ ಹೀಗೆಯೇ ಆಗುತ್ತದೆ ಅಂತ ನಂಬಬೇಡಿ.

78.15 ಡಿಗ್ರಿಯಲ್ಲಿ ಲೆಕ್ಕ ಹಾಕಿದರೆ ಎಥನಾಲ್‌ನ ಆವಿ ಒತ್ತಡ 754.9, ನೀರಿನದು 328.8. ಒಟ್ಟು ಒತ್ತಡ 760. ಇಷ್ಟು ಕಡಿಮೆ ಒತ್ತಡದಲ್ಲಿ ಆವಿಯನ್ನು ಆದರ್ಶ ಅನಿಲ ಎಂದು ಹಿಡಿದರೆ, ಸಮತೋಲನದ ಷರತ್ತು ಹೀಗಿರುತ್ತದೆ: ಆವಿಯಲ್ಲಿನ ಭಾಗ × ಒಟ್ಟು ಒತ್ತಡ = ದ್ರವದಲ್ಲಿನ ಭಾಗ × ಗಾಮಾ × ಶುದ್ಧ ದ್ರವದ ಆವಿ ಒತ್ತಡ. ಗಾಮಾ ಅಂದರೆ ಆಕ್ಟಿವಿಟಿ ಕೋಎಫಿಶಿಯೆಂಟ್, ಮಿಶ್ರಣ ಆದರ್ಶದಿಂದ ಎಷ್ಟು ದೂರ ಅಂತ ಹೇಳುವ ಸಂಖ್ಯೆ; ಆದರ್ಶ ಮಿಶ್ರಣದಲ್ಲಿ ಅದು 1. ಅಜಿಯೋಟ್ರೋಪ್‌ನಲ್ಲಿ ಎರಡೂ ಭಾಗಗಳು ಸಮ, ಹಾಗಾಗಿ ಅವು ಎರಡು ಬದಿಯಿಂದಲೂ ಹೊಡೆದುಹೋಗುತ್ತವೆ. ಉಳಿಯುವುದು ಬರೀ ಭಾಗಾಕಾರ. ಎಥನಾಲ್‌ನ ಗಾಮಾ = 760 ÷ 754.9 = 1.0067. ನೀರಿನ ಗಾಮಾ = 760 ÷ 328.8 = 2.312. ಇವುಗಳ ನ್ಯಾಚುರಲ್ ಲಾಗ್ 0.00672 ಮತ್ತು 0.838.

ಈಗ ವಾನ್ ಲಾರ್ ಮಾಡೆಲ್, ಅಂದರೆ ಪ್ರಮಾಣದಿಂದ ಗಾಮಾ ಲೆಕ್ಕ ಹಾಕುವ ಸಮೀಕರಣ. ಅದಕ್ಕೆ ಎರಡೇ ಪ್ಯಾರಾಮೀಟರ್, ನಮ್ಮ ಕೈಯಲ್ಲಿ ಎರಡು ಗಾಮಾ, ಸರಿಹೋಯಿತು. 1 ಅಂದರೆ ಎಥನಾಲ್, 2 ಅಂದರೆ ನೀರು ಅಂತ ಇಟ್ಟುಕೊಂಡು, ಲಾನ್ ಅಂದರೆ ನ್ಯಾಚುರಲ್ ಲಾಗ್, ಎಕ್ಸ್ ಅಂದರೆ ದ್ರವದಲ್ಲಿನ ಮೋಲ್ ಭಾಗ:

ಎ12 = ಲಾನ್ ಗಾಮಾ1 × [1 + (ಎಕ್ಸ್2 × ಲಾನ್ ಗಾಮಾ2) ÷ (ಎಕ್ಸ್1 × ಲಾನ್ ಗಾಮಾ1)]²

ಎ21 = ಲಾನ್ ಗಾಮಾ2 × [1 + (ಎಕ್ಸ್1 × ಲಾನ್ ಗಾಮಾ1) ÷ (ಎಕ್ಸ್2 × ಲಾನ್ ಗಾಮಾ2)]²

ಮೊದಲನೆಯ ಆವರಣದೊಳಗಿನ ಅನುಪಾತ 14.79 ಬರುತ್ತದೆ. 15.79ರ ವರ್ಗ 249, ಅದಕ್ಕೆ 0.00672 ಗುಣಿಸಿದರೆ ಎ12 = 1.675. ಅದೇ ರೀತಿ ಎ21 = 0.955. ಈ ಎರಡು ಸಂಖ್ಯೆಗಳಿಂದ ಯಾವ ಪ್ರಮಾಣದಲ್ಲಾದರೂ ಗಾಮಾ ಸಿಗುತ್ತದೆ:

ಲಾನ್ ಗಾಮಾ1 = ಎ12 ÷ [1 + (ಎ12 × ಎಕ್ಸ್1) ÷ (ಎ21 × ಎಕ್ಸ್2)]²

ಲಾನ್ ಗಾಮಾ2ಕ್ಕೆ ಇದೇ ಸಮೀಕರಣದಲ್ಲಿ 1 ಮತ್ತು 2 ಅದಲುಬದಲು.

ಕಟ್ಟಿದ್ದು ಸರಿಯಿದೆಯೋ ಇಲ್ಲವೋ ಅಂತ ನೋಡುವುದು ಹೇಗೆ? ಒಂದು ಅಟ್ಮಾಸ್ಫಿಯರ್‌ನಲ್ಲಿ ಈ ಮಿಶ್ರಣದ ಅಳತೆಗಳು ಪಠ್ಯಪುಸ್ತಕಗಳಲ್ಲೇ ಸಿಗುತ್ತವೆ. ದ್ರವದಲ್ಲಿ ಎಥನಾಲ್ 0.5079 ಇದ್ದಾಗ ಮಿಶ್ರಣ 79.8 ಡಿಗ್ರಿಗೆ ಕುದಿಯುತ್ತದೆ, ಆವಿಯಲ್ಲಿ 0.6564. ನಮ್ಮ ಮಾಡೆಲ್‌ನಲ್ಲಿ ಆ ಪ್ರಮಾಣಕ್ಕೆ ಗಾಮಾಗಳು 1.236 ಮತ್ತು 1.486. 79.8 ಡಿಗ್ರಿಯಲ್ಲಿ ಆವಿ ಒತ್ತಡಗಳು 806 ಮತ್ತು 352. ಎರಡೂ ಭಾಗ ಕೂಡಿದರೆ ಒಟ್ಟು 763. ಬೇಕಾದದ್ದು 760. ಇಲ್ಲಿ ಒಂದು ಡಿಗ್ರಿಗೆ ಒತ್ತಡ ಸುಮಾರು 30 ಮಿಲಿಮೀಟರ್ ಬದಲಾಗುವುದರಿಂದ ತಾಪಮಾನವನ್ನು 0.1 ಇಳಿಸಿದರೆ ಸಾಕು: ಕುದಿಬಿಂದು 79.7, ಆವಿಯಲ್ಲಿ ಎಥನಾಲ್ 0.663. ಒಂದೇ ಬಿಂದುವಿನಿಂದ ಹೊರಟ ಲೆಕ್ಕ ಇಷ್ಟು ಹತ್ತಿರ ಬರುತ್ತದೆ. ಇದೇ ಪ್ರಮಾಣಕ್ಕೆ ರೌಲ್ಟ್ ನಿಯಮ, ಅಂದರೆ ಎರಡೂ ಗಾಮಾ 1 ಅಂತ ಹಾಕಿ ನೋಡಿ, 86.6 ಡಿಗ್ರಿ ಕೊಡುತ್ತದೆ. ಏಳು ಡಿಗ್ರಿ ತಪ್ಪು. ಅದಕ್ಕಿಂತ ದೊಡ್ಡ ತಪ್ಪೆಂದರೆ, ರೌಲ್ಟ್ ನಿಯಮಕ್ಕೆ ಈ ಮಿಶ್ರಣದಲ್ಲಿ ಅಜಿಯೋಟ್ರೋಪ್ ಇದೆ ಅನ್ನುವುದೇ ಗೊತ್ತಿಲ್ಲ. ಕಾಗದದ ಮೇಲೆ ಅದು ಶುದ್ಧ ಎಥನಾಲ್ ತನಕ ಭಟ್ಟಿ ಇಳಿಸಿಬಿಡುತ್ತದೆ.

ಇನ್ನೂ ತೆಳು ತುದಿಗೆ ಹೋಗೋಣ. ಎಥನಾಲ್ 0.019 ಇದ್ದಾಗ ಅಳತೆ ಹೇಳುವುದು 95.5 ಡಿಗ್ರಿ, ಆವಿಯಲ್ಲಿ 0.170. ಅದರಿಂದ ಎಥನಾಲ್‌ನ ಗಾಮಾ = (0.170 × 760) ÷ (0.019 × 1450) = 4.69. ಮಾಡೆಲ್ ಹೇಳುವುದು 4.79. ನಿಜಕ್ಕೂ ಚೆನ್ನಾಗಿದೆ.

ಇಷ್ಟಕ್ಕೆ ಪುಸ್ತಕ ಮುಚ್ಚಿದರೆ ಈ ಲೆಕ್ಕದಲ್ಲಿ ಕಲಿಯಬೇಕಾದದ್ದನ್ನು ಕಲಿತಂತೆ ಆಗಲಿಲ್ಲ. ಅಜಿಯೋಟ್ರೋಪ್‌ನ ತಾಪಮಾನವನ್ನು 78.15ರ ಬದಲು 78.2 ಅಂತ ಹಾಕಿ ಮತ್ತೆ ಮೊದಲಿಂದ ಮಾಡಿ. ಎಷ್ಟೋ ಕಡೆ 78.2 ಅಂತಲೇ ಬರೆದಿರುತ್ತಾರೆ, ದುಂಡಗೆ ಮಾಡಿದ ಸಂಖ್ಯೆ. ಬದಲಾವಣೆ 0.05 ಡಿಗ್ರಿ ಮಾತ್ರ. ಎಥನಾಲ್‌ನ ಆವಿ ಒತ್ತಡ 756.4 ಆಗುತ್ತದೆ, ಗಾಮಾ 1.0067 ಹೋಗಿ 1.0047. ಯಾರ ಕಣ್ಣಿಗೂ ಬೀಳದ ವ್ಯತ್ಯಾಸ. ಆದರೆ ಅದರ ಲಾಗ್ 0.00672ರಿಂದ 0.00474ಕ್ಕೆ ಇಳಿಯಿತು, ಅಂದರೆ ಸುಮಾರು 30 ಶೇಕಡಾ. ಆವರಣದೊಳಗಿನ ಅನುಪಾತ 14.8ರಿಂದ 20.9ಕ್ಕೆ ಜಿಗಿಯಿತು, ಮೇಲೆ ಅದಕ್ಕೊಂದು ವರ್ಗ. ಎ12 ಈಗ 2.28. ಎ21 ಮಾತ್ರ 0.918, ಹೆಚ್ಚು ಅಲುಗಾಡಲಿಲ್ಲ.

ಅಪಾರ ನೀರಿನಲ್ಲಿ ಎಥನಾಲ್‌ನ ಗಾಮಾ, ಅಂದರೆ ಅನಂತ ದುರ್ಬಲತೆಯ ಗಾಮಾ, ಮೊದಲ ಸೆಟ್‌ನಲ್ಲಿ 5.3 ಇದ್ದದ್ದು ಈಗ 9.8. ಅಳತೆಯಿರುವ 0.019ರಲ್ಲಿ ನೋಡಿದರೆ 4.69 ಇರಬೇಕಾದ ಕಡೆ 7.95 ಬರುತ್ತದೆ. 0.0966ರಲ್ಲಿ ಅಳತೆ 3.27, ಮೊದಲ ಸೆಟ್ 3.28, ಎರಡನೆಯದು 4.15. ನಡುವಿನ 0.5079ರಲ್ಲಿ ಮಾತ್ರ ಎರಡನೆಯ ಸೆಟ್ ಕೂಡ 79.5 ಡಿಗ್ರಿ, ಆವಿಯಲ್ಲಿ 0.638 ಕೊಟ್ಟು ಪರವಾಗಿಲ್ಲ ಅನ್ನಿಸುವಂತೆ ಇರುತ್ತದೆ. ನಡುವಿನ ಒಂದು ಬಿಂದು ತಾಳೆಯಾಯಿತು ಅಂತ ಮಾಡೆಲ್‌ಗೆ ಒಪ್ಪಿಗೆ ಹಾಕುವವರು ಸಿಕ್ಕಿಬೀಳುವುದು ಇಲ್ಲೇ.

ಕಾರಣ ಸರಳ. ಎಥನಾಲ್ ಬಹುಪಾಲು ಇರುವ ಕಡೆ ಅದರ ಗಾಮಾ 1ಕ್ಕೆ ಅಂಟಿಕೊಂಡಿರುತ್ತದೆ. ನಾವು ಲಾಗ್ ತೆಗೆಯುತ್ತಿರುವುದು 760ಕ್ಕೂ 754.9ಕ್ಕೂ ನಡುವಿನ ಐದು ಮಿಲಿಮೀಟರ್ ವ್ಯತ್ಯಾಸಕ್ಕೆ. ಅದರಲ್ಲಿ ಒಂದೂವರೆ ಮಿಲಿಮೀಟರ್ ಆಚೀಚೆಯಾದರೂ ಮೂರನೇ ಒಂದು ಪಾಲು ಹೋಯಿತು. ಆ ಸಣ್ಣ ಸಂಖ್ಯೆಯನ್ನು ಹಿಡಿದು ಕರ್ವ್‌ನ ಇನ್ನೊಂದು ತುದಿಗೆ ಏನಾಗುತ್ತದೆ ಅಂತ ಹೇಳಹೊರಟಿದ್ದೇವೆ. ನೀರಿನ ಗಾಮಾ 2.3 ಇರುವುದರಿಂದ ಅದಕ್ಕೆ ಇಂಥ ಸಂಕಟವಿಲ್ಲ, ಎ21 ಗಟ್ಟಿಯಾಗಿ ನಿಂತದ್ದು ಅದಕ್ಕೇ.

ಡಿಸ್ಟಿಲರಿಯಲ್ಲಿ ಇದರ ಬೆಲೆ ಎಲ್ಲಿ ತೆರಬೇಕಾಗುತ್ತದೆ ನೋಡಿ. ವಾಶ್‌ನಲ್ಲಿ, ಅಂದರೆ ಭಟ್ಟಿಗೆ ಹೋಗುವ ಹುದುಗಿದ ದ್ರವದಲ್ಲಿ, ಎಥನಾಲ್ ಗಾತ್ರದಲ್ಲಿ 9 ಶೇಕಡಾ ಇದ್ದರೆ ಮೋಲ್ ಭಾಗ 0.03 ಅಷ್ಟೇ. ಅದರಿಂದ ಎಥನಾಲ್ ಅನ್ನು ಮೊದಲ ಕಾಲಮ್‌ನಲ್ಲಿ ಸ್ಟ್ರಿಪ್ ಮಾಡುವಾಗ, ಅಂದರೆ ಹಬೆಯಿಂದ ಹೊರತೆಗೆಯುವಾಗ, ಕೆಳಗಿನ ಟ್ರೇಗಳೆಲ್ಲ ಈ ತೆಳು ತುದಿಯಲ್ಲೇ ಕೆಲಸ ಮಾಡುತ್ತವೆ. ಗಾಮಾ 4.7ರ ಬದಲು 8 ಅಂತ ನಂಬಿದರೆ ಎಥನಾಲ್ ಸಲೀಸಾಗಿ ಆವಿಗೆ ಹೋಗುತ್ತದೆ ಅಂತ ಲೆಕ್ಕ ಹೇಳುತ್ತದೆ, ಟ್ರೇಗಳು ಕಡಿಮೆ ಸಾಕು ಅನ್ನುತ್ತದೆ, ಹಬೆಯೂ ಕಡಿಮೆ ಸಾಕು ಅನ್ನುತ್ತದೆ. ಹಾಗೆ ಕಟ್ಟಿದ ಕಾಲಮ್‌ನ ತಳದಲ್ಲಿ ಸ್ಪೆಂಟ್ ವಾಶ್ (ಉಳಿದ ತ್ಯಾಜ್ಯ ದ್ರವ) ಜೊತೆ ಎಥನಾಲ್ ಹರಿದುಹೋಗುತ್ತದೆ.

ಹಾಗಾದರೆ ಮಾಡಬೇಕಾದದ್ದು: ಅಜಿಯೋಟ್ರೋಪ್ ಬಿಂದು ಒಂದನ್ನೇ ನೆಚ್ಚದೆ, ಪೂರ್ತಿ ಅಳತೆಗಳನ್ನು ತೆಗೆದುಕೊಂಡು ಸ್ಪ್ರೆಡ್‌ಶೀಟ್‌ನ ಸಾಲ್ವರ್‌ನಿಂದ ಪ್ಯಾರಾಮೀಟರ್ ಹೊಂದಿಸಿ. ಕನಿಷ್ಠಗೊಳಿಸಬೇಕಾದದ್ದು ಯಾವುದು ಅನ್ನುವುದನ್ನೂ ಯೋಚಿಸಿ. ಲಾನ್ ಗಾಮಾಗಳ ವ್ಯತ್ಯಾಸವನ್ನು ನೇರವಾಗಿ ಕನಿಷ್ಠಗೊಳಿಸಿದರೆ ತುದಿಗಳಲ್ಲಿನ ಅಳತೆಯ ದೋಷ ವಿಪರೀತ ಹಿಗ್ಗುತ್ತದೆ. ಒತ್ತಡದ ವ್ಯತ್ಯಾಸವನ್ನು, ಇಲ್ಲವೇ ಕುದಿಬಿಂದು ಮತ್ತು ಆವಿಯ ಪ್ರಮಾಣ ಎರಡನ್ನೂ ಅವುಗಳ ಅಳತೆಯ ನಿಖರತೆಗೆ ತಕ್ಕ ತೂಕ ಕೊಟ್ಟು ಸೇರಿಸಿದರೆ ಒಳ್ಳೆಯದು. ಹೊಂದಿಸಿದ ಮೇಲೆ ಮಾಡೆಲ್ ಮತ್ತು ಅಳತೆಯ ವ್ಯತ್ಯಾಸವನ್ನು ಪ್ರಮಾಣದ ಎದುರು ಚಿತ್ರಿಸಿ ನೋಡಿ. ಸೊನ್ನೆಯ ಮೇಲೆ ಕೆಳಗೆ ಚೆಲ್ಲಾಪಿಲ್ಲಿಯಾಗಿದ್ದರೆ ಸರಿ. ಒಂದು ಕಡೆ ಬಾಗಿದ ಗೆರೆ ಕಂಡರೆ ಮಾಡೆಲ್ ಸಾಲದು ಅಂತ ಅರ್ಥ.

ಅಳತೆಗಳನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಗಿಬ್ಸ್–ಡ್ಯೂಹೆಮ್ ಸಮೀಕರಣ ಕೆಲಸಕ್ಕೆ ಬರುವುದು ಇಲ್ಲಿ. ತಾಪಮಾನ ಮತ್ತು ಒತ್ತಡ ಸ್ಥಿರವಿದ್ದರೆ ಎರಡು ಗಾಮಾಗಳು ತಮಗೆ ತೋಚಿದಂತೆ ಬದಲಾಗುವ ಹಾಗಿಲ್ಲ, ಒಂದರ ಇಳಿಜಾರು ಇನ್ನೊಂದರದ್ದನ್ನು ಕಟ್ಟಿಹಾಕುತ್ತದೆ. ಅದರಿಂದ ಬರುವ ಪರೀಕ್ಷೆ: ಎರಡು ಗಾಮಾಗಳ ಅನುಪಾತದ ಲಾಗ್ ಅನ್ನು ಪ್ರಮಾಣದ ಎದುರು ಬರೆದರೆ, ಅಕ್ಷದ ಮೇಲಿನ ಮತ್ತು ಕೆಳಗಿನ ವಿಸ್ತೀರ್ಣ ಸಮವಾಗಿರಬೇಕು. ನಮ್ಮ ಅಳತೆಗಳು ಸ್ಥಿರ ಒತ್ತಡದವು, ತಾಪಮಾನ ಬಿಂದುವಿನಿಂದ ಬಿಂದುವಿಗೆ ಬದಲಾಗುತ್ತದೆ, ಹಾಗಾಗಿ ಬೆರೆಯುವಾಗಿನ ಶಾಖದ ಪದವೂ ಸೇರಬೇಕು. ಎಥನಾಲ್ ಮತ್ತು ನೀರನ್ನು 25 ಡಿಗ್ರಿಯಲ್ಲಿ ಬೆರೆಸಿದರೆ ಮಿಶ್ರಣ ಬಿಸಿಯಾಗುತ್ತದೆ. ತಾಪಮಾನ ಏರಿದಂತೆ ಆ ಶಾಖ ಕಡಿಮೆಯಾಗುತ್ತಾ ಹೋಗಿ, ಇನ್ನೂ ಮೇಲೆ ಚಿಹ್ನೆಯೇ ಬದಲಾಗುತ್ತದೆ. ಈ ಪರೀಕ್ಷೆಗೆ ಇನ್ನೊಂದು ದೌರ್ಬಲ್ಯವೂ ಇದೆ. ಅನುಪಾತ ತೆಗೆದ ಕೂಡಲೇ ಒಟ್ಟು ಒತ್ತಡ ಹೊಡೆದುಹೋಗುತ್ತದೆ, ಹಾಗಾಗಿ ಒತ್ತಡದ ಅಳತೆಯೇ ತಪ್ಪಿದ್ದರೂ ಇದು ಹಿಡಿಯುವುದಿಲ್ಲ.

ಒತ್ತಡದ ಮಾತು ಬಂತು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿದೆ, ಅಲ್ಲಿ ವಾತಾವರಣದ ಒತ್ತಡ ಸುಮಾರು 685 ಮಿಲಿಮೀಟರ್, ನೀರು ಕುದಿಯುವುದು 97 ಡಿಗ್ರಿ ಆಸುಪಾಸಿನಲ್ಲಿ. ಅಲ್ಲಿನ ಲ್ಯಾಬ್‌ನಲ್ಲಿ ಓಥ್ಮರ್ ಸ್ಟಿಲ್ (ಆವಿ–ದ್ರವ ಸಮತೋಲನ ಅಳೆಯುವ ಉಪಕರಣ) ಇಟ್ಟು ಅಳತೆ ಮಾಡಿ, ಲೆಕ್ಕದಲ್ಲಿ 760 ಹಾಕಿದರೆ ಎಲ್ಲ ಗಾಮಾಗಳೂ 11 ಶೇಕಡಾ ಉಬ್ಬುತ್ತವೆ. ಪತ್ತೆ ಹಚ್ಚುವುದು ಸುಲಭ: ಶುದ್ಧ ಎಥನಾಲ್ ತುದಿಯಲ್ಲಿ ಅದರ ಗಾಮಾ 1ಕ್ಕೆ ಬರಬೇಕು. 1.11ರಲ್ಲಿ ನಿಂತಿದ್ದರೆ ಬ್ಯಾರೋಮೀಟರ್ ನೋಡದೆ ಲೆಕ್ಕ ಮಾಡಿದ್ದಾರೆ ಅಂತ ತಿಳಿಯಿರಿ. ಮಂಗಳೂರಿನಲ್ಲಿ ಈ ತಾಪತ್ರಯವಿಲ್ಲ.

ಒತ್ತಡ ಇಳಿಸಿದರೆ ಅಜಿಯೋಟ್ರೋಪ್ ಎಥನಾಲ್ ಬದಿಗೆ ಸರಿಯುತ್ತಾ ಹೋಗಿ, ಸುಮಾರು 70 ಮಿಲಿಮೀಟರ್‌ಗಿಂತ ಕೆಳಗೆ ಮಾಯವಾಗುತ್ತದೆ. ಹಾಗಾದರೆ ವ್ಯಾಕ್ಯೂಮ್‌ನಲ್ಲೇ ಭಟ್ಟಿ ಇಳಿಸಬಹುದಲ್ಲ ಅನ್ನುವ ಪ್ರಶ್ನೆ ಸಹಜ. ಆಂಟ್ವಾನ್ ಸಮೀಕರಣದಲ್ಲಿ 70 ಹಾಕಿ ನೋಡಿ: ಎಥನಾಲ್ 28 ಡಿಗ್ರಿಗೆ ಕುದಿಯುತ್ತದೆ. ಮೇಲಿನ ಕಂಡೆನ್ಸರ್‌ನಲ್ಲಿ ಆ ಆವಿಯನ್ನು ತಣಿಸಬೇಕಾದರೆ 28ಕ್ಕಿಂತ ಸಾಕಷ್ಟು ತಣ್ಣಗಿನ ನೀರು ಬೇಕು, ಬಾಗಲಕೋಟೆಯ ಬೇಸಿಗೆಯಲ್ಲಿ ಕೂಲಿಂಗ್ ಟವರ್ ಅದನ್ನು ಕೊಡಲಾರದು. ಚಿಲ್ಲರ್ ಹಾಕಿದರೆ ಕರೆಂಟ್ ಖರ್ಚು, ಆವಿಯ ಗಾತ್ರ ಹಿಗ್ಗಿದ್ದಕ್ಕೆ ದಪ್ಪ ಕಾಲಮ್. ಪೆಟ್ರೋಲ್‌ಗೆ ಬೆರೆಸುವ ನಿರ್ಜಲ ಎಥನಾಲ್‌ಗೆ ಮಾಲಿಕ್ಯುಲರ್ ಸೀವ್ ಬಳಸುವುದು ಇದಕ್ಕೇ. 3 ಆಂಗ್‌ಸ್ಟ್ರಮ್ ರಂಧ್ರದ ಜಿಯೋಲೈಟ್ ನೀರಿನ ಅಣುವನ್ನು ಒಳಗೆ ಬಿಟ್ಟುಕೊಂಡು ಎಥನಾಲ್ ಅಣುವನ್ನು ಹೊರಗೇ ನಿಲ್ಲಿಸುತ್ತದೆ. ಅಲ್ಲಿ ಆವಿ–ದ್ರವ ಸಮತೋಲನದ ಹಂಗಿಲ್ಲ.

ವಾನ್ ಲಾರ್ ಬಿಟ್ಟು ಬೇರೆ ಮಾಡೆಲ್‌ಗಳ ಬಗ್ಗೆ ಚುಟುಕಾಗಿ. 1964ರ ವಿಲ್ಸನ್ ಸಮೀಕರಣ ಆಲ್ಕೊಹಾಲ್ ಮಿಶ್ರಣಗಳಿಗೆ ತುಂಬಾ ಚೆನ್ನಾಗಿ ಹೊಂದುತ್ತದೆ, ಆದರೆ ದ್ರವ ಎರಡು ಪದರವಾಗಿ ಒಡೆಯುವುದನ್ನು ಅದು ತೋರಿಸಲಾರದು. ಎನ್-ಬ್ಯೂಟನಾಲ್ ಮತ್ತು ನೀರಿಗೆ ವಿಲ್ಸನ್ ಹಾಕಿದರೆ ಪದರಗಳನ್ನು ಬೇರ್ಪಡಿಸುವ ಡಿಕ್ಯಾಂಟರ್ ಬೇಕಾದ ಕಡೆ ಒಂದೇ ದ್ರವ ಅಂತ ಉತ್ತರ ಬರುತ್ತದೆ. 1968ರ ಎನ್‌ಆರ್‌ಟಿಎಲ್ ಸಮೀಕರಣ ಪದರ ಒಡೆಯುವುದನ್ನು ತೋರಿಸುತ್ತದೆ, ಅದರಲ್ಲಿ ಆಲ್ಫಾ ಎಂಬ ಮೂರನೇ ಪ್ಯಾರಾಮೀಟರ್ ಇದೆ, ಸಾಮಾನ್ಯವಾಗಿ 0.3 ಇಡುತ್ತಾರೆ. ಅಳತೆಯೇ ಇಲ್ಲದ ಜೋಡಿಗೆ 1975ರ ಯುನಿಫ್ಯಾಕ್ ಅಣುವಿನ ಗುಂಪುಗಳಿಂದ ಅಂದಾಜು ಕೊಡುತ್ತದೆ. ಅಂದಾಜು ಅನ್ನುವುದನ್ನು ಮರೆಯದಿದ್ದರೆ ಅದು ಒಳ್ಳೆಯ ಸಾಧನ.

ಒತ್ತಡ ಹೆಚ್ಚಿದಾಗ ಆವಿಯನ್ನು ಆದರ್ಶ ಅನಿಲ ಅನ್ನುವ ಹಾಗಿಲ್ಲ, ಫ್ಯುಗಾಸಿಟಿ, ಅಂದರೆ ಆದರ್ಶವಲ್ಲದ ನಡತೆಗೆ ತಕ್ಕಂತೆ ತಿದ್ದಿದ ಒತ್ತಡ, ಬೇಕೇಬೇಕು. ಇದಕ್ಕೂ ಒಂದು ಲೆಕ್ಕ ಕೈಯಲ್ಲಿ ಮಾಡಿ: ಎಲ್‌ಪಿಜಿಯಲ್ಲಿರುವ ಪ್ರೊಪೇನ್, 300 ಕೆಲ್ವಿನ್, 10 ಬಾರ್. ಒತ್ತಡ, ಗಾತ್ರ, ತಾಪಮಾನಗಳನ್ನು ಜೋಡಿಸುವ 1976ರ ಪೆಂಗ್–ರಾಬಿನ್ಸನ್ ಸಮೀಕರಣಕ್ಕೆ ಕ್ರಿಟಿಕಲ್ ತಾಪಮಾನ 369.8 ಕೆಲ್ವಿನ್, ಕ್ರಿಟಿಕಲ್ ಒತ್ತಡ 42.48 ಬಾರ್, ಅಸೆಂಟ್ರಿಕ್ ಫ್ಯಾಕ್ಟರ್ 0.152 ಹಾಕಿದರೆ ಅದರದ್ದೇ ಆಲ್ಫಾ (ಎನ್‌ಆರ್‌ಟಿಎಲ್‌ನದಲ್ಲ) 1.123, ಎ 0.1837, ಬಿ 0.02258. ಝೆಡ್‌ನ, ಅಂದರೆ ಒತ್ತಡ × ಮೋಲ್ ಗಾತ್ರ ÷ (ಅನಿಲ ಸ್ಥಿರಾಂಕ × ತಾಪಮಾನ)ದ, ಘನ ಸಮೀಕರಣಕ್ಕೆ ಮೂರು ಉತ್ತರ: 0.0348, 0.128, 0.815. ದೊಡ್ಡದು ಆವಿ, ಚಿಕ್ಕದು ದ್ರವ, ನಡುವಿನದಕ್ಕೆ ಭೌತಿಕ ಅರ್ಥವಿಲ್ಲ. ‘ಬಿ’ಯ ಬೆಲೆಗಿಂತ ಚಿಕ್ಕದು ಬಂದರೆ ಅದನ್ನೂ ಬಿಡಬೇಕು. ಎರಡಕ್ಕೂ ಫ್ಯುಗಾಸಿಟಿ ಕೋಎಫಿಶಿಯೆಂಟ್ (ಫ್ಯುಗಾಸಿಟಿ ÷ ಒತ್ತಡ) ಲೆಕ್ಕ ಹಾಕಿದರೆ ಆವಿಗೆ 0.842, ದ್ರವಕ್ಕೆ 0.841. ಎರಡೂ ಸಮವಾಗುವ ಒತ್ತಡವೇ ಆವಿ ಒತ್ತಡ, ಅಂದರೆ ಸಮೀಕರಣದ ಪ್ರಕಾರ ಅದು 10 ಬಾರ್‌ಗೆ ತೀರಾ ಹತ್ತಿರ. ಪ್ರೊಪೇನ್‌ನ ನಿಜವಾದ ಆವಿ ಒತ್ತಡವೂ ಅಷ್ಟೇ. ಆದರೆ ಅದೇ 0.0348ರಿಂದ ದ್ರವದ ಗಾತ್ರ ತೆಗೆದರೆ ಮೋಲ್‌ಗೆ 86.8 ಘನ ಸೆಂಟಿಮೀಟರ್ ಬರುತ್ತದೆ, ನಿಜದಲ್ಲಿ ಅದು 90. ಆವಿ ಒತ್ತಡ ಇಷ್ಟು ಸರಿಯಾಗಿ ಕೊಟ್ಟ ಸಮೀಕರಣ ಸಾಂದ್ರತೆಯಲ್ಲಿ ನಾಲ್ಕು ಶೇಕಡಾ ತಪ್ಪುತ್ತದೆ. ಟ್ಯಾಂಕ್‌ನ ಅಳತೆಗೆ ಇದನ್ನು ಬಳಸಬೇಕಾದರೆ ವಾಲ್ಯೂಮ್ ಟ್ರಾನ್ಸ್‌ಲೇಶನ್ ಎಂಬ ತಿದ್ದುಪಡಿ ಸೇರಿಸಬೇಕು.

ಕೈಲೆಕ್ಕ ಆದ ಮೇಲೆ ಸಿಮ್ಯುಲೇಟರ್‌ಗೆ ಹೋಗಿ. ಡಿಡಬ್ಲ್ಯೂಸಿಮ್ ಉಚಿತವಾಗಿ ಸಿಗುತ್ತದೆ, ಐಐಟಿ ಬಾಂಬೆಯ ಫಾಸಿ ಯೋಜನೆಯವರು ಅದರ ತರಬೇತಿ ಸಾಮಗ್ರಿಯನ್ನೂ ಮಾಡಿಟ್ಟಿದ್ದಾರೆ. ಅದೇ ಎಥನಾಲ್–ನೀರನ್ನು ಅಲ್ಲಿ ಹಾಕಿ, ಮೊದಲು ಪೆಂಗ್–ರಾಬಿನ್ಸನ್‌ನಲ್ಲಿ ಬೈನರಿ ಪ್ಯಾರಾಮೀಟರ್ (ಜೋಡಿಯೊಂದಕ್ಕೆ ಹೊಂದಿಸಿದ ಸಂಖ್ಯೆ) ಸೊನ್ನೆ ಇಟ್ಟು, ಆಮೇಲೆ ಎನ್‌ಆರ್‌ಟಿಎಲ್‌ನಲ್ಲಿ ಓಡಿಸಿ, ಎರಡೂ ಕರ್ವ್‌ಗಳನ್ನು ಮೇಲಿನ ಅಳತೆಗಳ ಜೊತೆ ಒಂದೇ ಗ್ರಾಫ್‌ನಲ್ಲಿ ಇಡಿ. ಪ್ಯಾರಾಮೀಟರ್‌ಗಳನ್ನು ನೀವೇ ತುಂಬಿಸುವುದಾದರೆ ಅವು ಮೋಲ್‌ಗೆ ಕ್ಯಾಲೊರಿಯಲ್ಲಿವೆಯೋ ಜೌಲ್‌ನಲ್ಲಿವೆಯೋ ನೋಡಿ. 4.184 ಪಟ್ಟು ತಪ್ಪಾದರೂ ಪ್ರೋಗ್ರಾಮ್ ಸುಮ್ಮನೆ ಓಡುತ್ತದೆ. ಯಾವ ಸಿಮ್ಯುಲೇಟರ್ ಆದರೂ ರನ್ ಒತ್ತುವ ಮೊದಲು ಬೈನರಿ ಪ್ಯಾರಾಮೀಟರ್‌ಗಳ ಕೋಷ್ಟಕ ತೆರೆದು ಪ್ರತಿ ಜೋಡಿಯನ್ನೂ ಪರೀಕ್ಷಿಸಿ. ಎನ್‌ಆರ್‌ಟಿಎಲ್‌ನಲ್ಲಿ ಒಂದು ಜೋಡಿಯ ಸಂಖ್ಯೆಗಳು ಸೊನ್ನೆಯಾಗಿ ಉಳಿದಿದ್ದರೆ ಆ ಜೋಡಿಯ ಗಾಮಾ 1, ಅಂದರೆ ಹೆಸರಿಗೆ ಎನ್‌ಆರ್‌ಟಿಎಲ್ ಇದ್ದರೂ ಒಳಗೆ ನಡೆಯುವುದು ರೌಲ್ಟ್ ನಿಯಮ. ಫ್ಲೋಶೀಟ್ ಪೂರ್ತಿ ಹಸಿರಾಗಿ ಕನ್ವರ್ಜ್ ಆಗುತ್ತದೆ, ಕಾಲಮ್‌ನ ಮೇಲ್ಭಾಗದಲ್ಲಿ 99.9 ಶೇಕಡಾ ಎಥನಾಲ್ ತೋರಿಸುತ್ತದೆ.